ಹಾಗಲಕಾಯಿಗೆ ನಳದ ನೀರು ಸಾಕ್ಷಿ

೧೯೭೯ರ ಆಗಸ್ಟ್ ೨೧, ಮಂಗಳವಾರ. ಬೆಳಿಗ್ಗೆ ಏಳು ನಲವತ್ತಕ್ಕೆ ಶಹಾಬಾದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಅಮೃತಪ್ಪನ ಕೈಯಲ್ಲಿ ಮೂರು ಪುಟದ ಫಿರ್ಯಾದಿ ಇತ್ತು, ಮುಖದಲ್ಲಿ ದುಃಖ ಇರಲಿಲ್ಲ. ಹಿಂದಿನ ಸಂಜೆ ಅಣ್ಣ ಸತ್ತಿದ್ದ. ಬೆಳಗಾಗುವಷ್ಟರಲ್ಲಿ ಈ ತಮ್ಮ, ಅರ್ಜಿ ಬರೆಯುವವನನ್ನು ಹಾಸಿಗೆಯಿಂದ ಎಬ್ಬಿಸಿ, ಗಟ್ಟಿ ಕಾಗದ ತರಿಸಿ, ‘ಸದರಿ’ ಎಂಬ ಶಬ್ದವನ್ನು ಹದಿನೇಳು ಸಲ ಹಾಕಿಸಿಕೊಂಡು ಬಂದಿದ್ದ. ಸಬ್ ಇನ್ಸ್‌ಪೆಕ್ಟರ್ ಮಡಿವಾಳಯ್ಯನಿಗೆ ಇಂಥ ಚುರುಕುತನ ಕಂಡರೆ ಹೇಸಿಗೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವನು ಕಲಿತದ್ದರಲ್ಲಿ ಇದೂ ಒಂದು: ನಿಜವಾಗಿ ಅಳುವವನಿಗೆ ಅರ್ಜಿ ಬರೆಸುವ ಪುರುಸೊತ್ತು ಇರುವುದಿಲ್ಲ.

ಸತ್ತವನು ಚಂದ್ರಾಮಪ್ಪ ಸಾವಕಾರ, ವಯಸ್ಸು ಅರವತ್ತೊಂದು. ನೆಲಕ್ಕೆ ಹಾಸುವ ಪರಸಿಕಲ್ಲಿನ ಒಂದು ಖಣಿ, ಒಂದು ಪಾಲಿಶ್ ಕಾರ್ಖಾನೆಯ ಮಾಲೀಕ, ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆಯವ. ಒಬ್ಬನೇ ಮಗ ಮೂರು ವರ್ಷದ ಹಿಂದೆ ತೀರಿಕೊಂಡಿದ್ದ. ಆ ಮಗನ ಹೆಂಡತಿ, ಭಂಕೂರದ ಬಡವರ ಮಗಳು ಸೂಗಮ್ಮ, ಮಾವನ ಮನೆಯಲ್ಲೇ ಇದ್ದು ಅಡಿಗೆ ಮಾಡಿ ಹಾಕುತ್ತಿದ್ದಳು. ಅವಳೇ ಮಾವನಿಗೆ ವಿಷ ಹಾಕಿದಳು ಎಂಬುದು ಫಿರ್ಯಾದಿಯ ಸಾರಾಂಶ. ಅವಳು ಜೈಲಿಗೆ ಹೋದರೆ ಖಣಿ, ಕಾರ್ಖಾನೆ ಎರಡೂ ತಮ್ಮನಿಗೆ ಎಂಬುದನ್ನು ಅದರಲ್ಲಿ ಬರೆದಿರಲಿಲ್ಲ.

“ವಿಷಾ ಹಾಕಿದ್ದು ನೀ ನೋಡೀಯೇನು?” ಎಂದು ಕೇಳಿದ ಮಡಿವಾಳಯ್ಯ.

“ನಾ ನೋಡಿಲ್ರಿ. ಅಣ್ಣನ ಬಾಯಿಂದ ಕೇಳೀನಿ. ದಿನಾ ಮುಂಜಾನೆ ಕಟ್ಟಿ ಮ್ಯಾಲ ಕುಂತು, ‘ತಾ, ನಿನ್ನ ವಿಷಾ ತಾ’ ಅಂತಿದ್ದ. ಇಡೀ ಓಣಿ ಕೇಳ್ಯಾದ.”

“ದಿನಾ ಅಂತಿದ್ನಾ?”

“ದಿನಾ ರಿ.”

“ದಿನಾ ವಿಷಾ ಕುಡದು, ಮರುದಿನ ಎದ್ದು ಮತ್ತ ಬೇಡ್ತಿದ್ನಾ?”

ಆದರೂ ಫಿರ್ಯಾದಿ ಫಿರ್ಯಾದಿಯೇ. ಎಂಟು ಗಂಟೆಗೆ ಐಪಿಸಿ ಕಲಂ ೩೦೨ರ ಅಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಅಂಕಣದಲ್ಲಿ ಸೂಗಮ್ಮನ ಹೆಸರು ಕುಳಿತಿತು.

ಒಂಬತ್ತೂ ಕಾಲಿಗೆ ಸಾವಕಾರನ ಮನೆ ಮುಟ್ಟಿದಾಗ ಹೆಣಕ್ಕೆ ವಿಭೂತಿ ಹಚ್ಚಿ ಕೂಡಿಸಿ ಆಗಿತ್ತು, ಹೊರಗೆ ಹೆಣ ಹೊರುವ ವಿಮಾನ ಕಟ್ಟುತ್ತಿದ್ದರು. ಮಣ್ಣು ಮಾಡುವುದನ್ನು ನಿಲ್ಲಿಸಿ ಪಂಚನಾಮೆಗೆ ಕುಳಿತ ಮಡಿವಾಳಯ್ಯನ ಮುಂದೆ ಐದು ಜನ ಸಾಕ್ಷಿದಾರರು ತಾವಾಗಿಯೇ ಬಂದು ಸಾಲಾಗಿ ನಿಂತರು. ಐವರೂ ಒಂದೇ ಮಾತನ್ನು ಒಂದೇ ರಾಗದಲ್ಲಿ ಹೇಳಿದರು: ‘ವಿಷಾ ತಾ ಅಂತಿದ್ರು, ನಾವು ಕಿವಿಯಾರ ಕೇಳೀವಿ.’ ಐವರಲ್ಲಿ ನಾಲ್ವರು ಅಮೃತಪ್ಪನ ಕೈಕೆಳಗೆ ಕಲ್ಲು ಎಣಿಸುವವರು. ಹಾಗಲಕಾಯಿಗೆ ಬೇವಿನಕಾಯಿ ಸಾಕ್ಷಿ ಎಂದು ಹೆಡ್ ಕಾನ್‌ಸ್ಟೆಬಲ್ ಅಬ್ದುಲ್ ಗನಿ ಗೊಣಗಿದ. ಮಾತು ಅವನಿಗೇ ಗೊತ್ತಿಲ್ಲದಷ್ಟು ನಿಜವಾಗಿತ್ತು, ಏಕೆಂದರೆ ಅಡಿಗೆಮನೆಯಲ್ಲಿ ಜಪ್ತಿಯಾದದ್ದು ಒಂದು ಬುಟ್ಟಿ ಹಾಗಲವೇ. ಸಂತೆಯ ಹಾಗಲವಲ್ಲ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಕಾಡುಹಾಗಲ. ಹಣ್ಣಾಗಿ ಅರಿಸಿಣಕ್ಕೆ ತಿರುಗಿ ಬಾಯಿ ಬಿಟ್ಟಿತ್ತು, ಒಳಗೆ ಕೆಂಪು ತೊಗಲಿನ ಬೀಜ.

ಸೂಗಮ್ಮ ಒಲೆಯ ಪಕ್ಕದಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಇಪ್ಪತ್ನಾಲ್ಕು ವರ್ಷ. ಅತ್ತು ಮುಗಿದ ಕಣ್ಣು.

“ಇದನ್ನೇ ಕೊಡ್ತಿದ್ದೇನು?”

“ಹೌದ್ರಿ. ಅರದು, ಸೋಸಿ, ರಸ ಕೊಡ್ತಿದ್ದೆ. ಭಾಳ ಕಹಿ ಅಂತ ಮಾವಾರು ಅದಕ್ಕ ವಿಷಾ ಅಂತಿದ್ರು. ನಗಚಾಟಕಿ ಮಾತರಿ ಅದು.”

“ಯಾರು ಕೊಡಂದ್ರು?”

“ದವಾಖಾನಿ ಕಂಪೌಂಡರ್ರು. ಸಕ್ರಿ ಏರ್‍ಯಾದ, ಚಿಂಚೋಳಿ ಅಡವಿ ಹಾಗಲಾನೇ ಆಗಬೇಕು, ಹಣ್ಣಾದದ್ದು, ಬೀಜಾ ಸಹಿತ ಅರೀರಿ ಅಂದ್ರು. ಹನ್ನೆರಡು ದಿನ ಆಯ್ತು.”

“ನಿನ್ನೆ ಏನಾಯ್ತು?”

“ಶ್ರಾವಣ ಸೋಮವಾರ ಅಲ್ಲರಿ? ಮಾವಾರು ಸಂಜೀ ತನಕ ಉಪವಾಸ. ಊಟ ಬಿಟ್ರೂ ಗುಳಗಿ ಬಿಡಬ್ಯಾಡ್ರಿ, ರಸಾ ಬಿಡಬ್ಯಾಡ್ರಿ ಅಂತ ಕಂಪೌಂಡರ್ರು ಅಂದಿದ್ರು. ಮುಂಜಾನೆ ಮೂರು ಗುಳಗಿ ತಗೊಂಡ್ರು. ಮಧ್ಯಾಹ್ನಕ್ಕ ಮೈಯೆಲ್ಲಾ ಬೆವರು, ಥರಥರ ನಡುಕ. ಏನೇನೋ ಬಡಬಡಿಸಿದ್ರು. ಐದಕ್ಕ ಬಿದ್ದವರು ಮತ್ತ ಕಣ್ಣು ಬಿಡಲಿಲ್ಲ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. “ನಾ ಬೆಲ್ಲದ ನೀರು ಮಾಡಿದ್ದೆ, ಸಾಹೇಬ್ರ. ಕುಡಸಲಿಲ್ಲ.”

“ಯಾಕ?”

“ಹೋದ ಮಂಗಳವಾರನೂ ಹಂಗೇ ನಡುಗಿದ್ರು. ನಾ ದವಾಖಾನಿಗಿ ಹೋಗಿ ಕಂಪೌಂಡರ್ರನ್ನ ಕೇಳಿದ್ದೆ, ಏನರ ಸಿಹಿ ಕೊಡ್ಲೇನ್ರಿ ಅಂತ. ಇದು ಪಿತ್ತ, ಬೆಲ್ಲ ಕೊಟ್ಟರ ಸಾಯ್ತಾರ ಅಂದ್ರು.” ತಲೆ ಎತ್ತಿ ಅವನ ಮುಖವನ್ನೇ ನೋಡಿದಳು. “ಕೊಟ್ಟಿದ್ರ ಉಳೀತಿದ್ರೇನ್ರಿ?”

ಮಡಿವಾಳಯ್ಯ ಹಾಗಲದ ಬುಟ್ಟಿಗೆ ಬಟ್ಟೆ ಕಟ್ಟಿಸಿ ಮೊಹರು ಹಾಕಿಸಿದ.

ಆ ಸಂಜೆ ಗುಲಬರ್ಗಾದಿಂದ ಡಿವೈಎಸ್ಪಿ ಸಾಹೇಬರ ಫೋನು ಬಂತು. ಅಮೃತಪ್ಪ ಅಷ್ಟರಲ್ಲಿ ಜೀಪು ಮಾಡಿಕೊಂಡು ಅಲ್ಲಿಗೂ ಹೋಗಿ ಕಣ್ಣೀರು ಹಾಕಿ ಬಂದಿದ್ದ. ಊರಲ್ಲಿ ಬಾರದ ಕಣ್ಣೀರು ಸಾಹೇಬರ ಬಂಗಲೆಯಲ್ಲಿ ಬಂದಿತ್ತು. ಶನಿವಾರದೊಳಗೆ ಆ ಹೆಂಗಸನ್ನು ಅರೆಸ್ಟ್ ಮಾಡಿ ಕೋರ್ಟಿಗೆ ಒಯ್ಯಬೇಕು, ಐದು ಸಾಕ್ಷಿ ಇದ್ದಾಗ ಇನ್ನೇನು ಪಂಚಾಂಗ ನೋಡುತ್ತೀರಿ, ಎಂದು ಹುಕುಂ ಆಯಿತು. ಎರಡು ಮೈಲಿ ಬಿಸಿಲಿನಲ್ಲಿ ನಡೆಯದವರಿಗೆ ತನಿಖೆ ಯಾವಾಗಲೂ ಸುಲಭ. ಮಡಿವಾಳಯ್ಯ ‘ಎಸ್ ಸರ್’ ಎಂದು ಫೋನು ಇಟ್ಟು, ಉಳಿದ ದಿನಗಳನ್ನು ಬೆರಳಲ್ಲಿ ಎಣಿಸಿದ. ನಾಲ್ಕು. ಅಷ್ಟರಲ್ಲಿ ಬೇರೆ ಏನೂ ಸಿಗದಿದ್ದರೆ ಸೂಗಮ್ಮ ಜೈಲಿಗೆ, ಅಲ್ಲಿಂದ ಮುಂದೆ ದೇವರೇ ಗತಿ.

ಬುಧವಾರ ಹನ್ನೊಂದಕ್ಕೆ ಅವನು ಚಿತ್ತಾಪುರದಲ್ಲಿ ಹೆಣ ಕೊಯ್ದ ಡಾಕ್ಟರ್ ತಾಜುನ್ನಿಸಾ ಅವರ ಮುಂದೆ ಕುಳಿತಿದ್ದ. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ, ಸಕ್ಕರೆ ಇಲ್ಲದ ಚಹಾ.

“ಹೊಟ್ಟೆ, ಯಕೃತ್ತು ಬೆಂಗಳೂರಿಗೆ ಕಳಿಸೀನಿ. ಅವರು ವಿಷ ಇಲ್ಲ ಅಂತ ಬರೀತಾರೆ, ನೋಡ್ರಿ,” ಎಂದರು.

“ಅಂದ್ರ ಕೊಲೆ ಅಲ್ಲೇನ್ರಿ?”

“ಹಂಗಂದೆನೇ ನಾನು? ಸಕ್ಕರೆ ಕಾಯಿಲೆಯ ಗುಳಿಗೆ ರಕ್ತದಾಗಿನ ಸಕ್ಕರೆ ಇಳಸ್ತದ. ಹಾಗಲವೂ ಇಳಸ್ತದ. ಎರಡೂ ಕೂಡಿದ್ರೆ ಒಂದಕ್ಕೊಂದು ಜೋರು ಕೊಡ್ತಾವ. ಅದರಾಗ ಇದು ಕಾಡಿನದು, ಹಣ್ಣು, ಬೀಜ ಸಹಿತ. ಆ ಕೆಂಪು ಬೀಜಾ ತಿಂದ ಮಕ್ಕಳು ವಾಂತಿ ಮಾಡಿ ಸತ್ತದ್ದು ಕೇಳೀವಿ. ಮೇಲೆ ಮೂರು ಗುಳಿಗೆ, ಮೇಲೆ ಉಪವಾಸ. ಸಕ್ಕರೆ ಪೂರಾ ಬಿದ್ದು ಮೆದುಳು ಆರಿಹೋಗ್ತದ.”

“ರಕ್ತ ಪರೀಕ್ಷಾದಾಗ ಬರಲ್ಲೇನ್ರಿ ಅದು?”

“ಸತ್ತ ಮೇಲೆ ರಕ್ತದಾಗಿನ ಸಕ್ಕರೆ ತಾನಾಗೇ ಇಳೀತದ. ಹೆಣದ ಸಕ್ಕರೆ ಸಾಕ್ಷಿ ಹೇಳಲ್ಲ, ಇನ್ಸ್‌ಪೆಕ್ಟರ್ ಸಾಬ್.”

ಮಡಿವಾಳಯ್ಯ ಮನಸ್ಸಿಲ್ಲದೆ ಕೇಳಿದ. “ನಡುಗುವಾಗ ಬೆಲ್ಲದ ನೀರು ಕೊಟ್ಟಿದ್ರ?”

“ಹತ್ತು ನಿಮಿಷದಾಗ ಎದ್ದು ಕೂಡ್ತಿದ್ದ,” ಎಂದರು ಡಾಕ್ಟರ್. ನಂತರ ಕಪ್ಪು ಕೆಳಗಿಟ್ಟರು. “ಇದು ಭೀಮಶ್ಯಾಗ ಗೊತ್ತಿರಬೇಕಲ್ಲ? ನಿಮ್ಮೂರ ಕಂಪೌಂಡರ್. ಹೋದ ವರ್ಷ ವಾಡಿಯ ಒಬ್ಬ ಮುದುಕನ್ನ ಜೀಪಿನಾಗ ಹಾಕ್ಕೊಂಡು ಅವನೇ ತಂದಿದ್ದ. ಇದೇ ಗುಳಿಗೆ, ಇದೇ ಹಾಗಲ. ನರಕ್ಕೆ ಗ್ಲೂಕೋಸ್ ಕೊಟ್ಟೆ, ಮುದುಕ ನಿದ್ದಿಯಿಂದ ಎದ್ದಂಗ ಎದ್ದ. ಯಾಕ ಹಿಂಗಾಯ್ತು ಅಂತ ಕೇಳಿ, ಡೈರಿ ತೆಗೆದು ಬರಕೊಂಡ ಭೀಮಶ್ಯಾ. ಎಷ್ಟು ಚಂದ ಅಕ್ಷರ!”

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಡಿವಾಳಯ್ಯ ಶಹಾಬಾದ ಬಜಾರಿನ ಆ ಖಾಸಗಿ ದವಾಖಾನೆಗೆ ಹೊರಟ. ಅದರ ಡಾಕ್ಟರು ಗುರುವಾರಕ್ಕೊಮ್ಮೆ ಗುಲಬರ್ಗಾದಿಂದ ಬಂದು, ಕಂಪೌಂಡರ್ ಬರೆದಿಟ್ಟದ್ದಕ್ಕೆಲ್ಲ ರುಜು ಹಾಕಿ, ಮಧ್ಯಾಹ್ನದ ಗಾಡಿಗೆ ಹೋಗುವ ಮಹಾನುಭಾವರು. ಆ ದಿನ ಅವರ ಗಾಡಿ ಇನ್ನೂ ಬಂದಿರಲಿಲ್ಲ. ಉಳಿದ ಆರು ದಿನ ದವಾಖಾನೆ ಎಂದರೆ ಭೀಮಶ್ಯಾನೇ. ದಾರಿಯಲ್ಲಿ ಅಬ್ದುಲ್ ಗನಿ ನಕ್ಕ. “ಉಚ್ಚಿ ಕುದಸಾಂವ ಅಂದ್ರ ಸಣ್ಣ ಕೂಸಿಗೂ ಗೊತ್ತರಿ. ಸಾವಕಾರನೇ ಇಟ್ಟ ಹೆಸರು.” ಮಡಿವಾಳಯ್ಯನೂ ನಕ್ಕ. ಅವನಿಗೂ ಆ ಮನುಷ್ಯ ಆ ಹೆಸರಿನಿಂದಲೇ ಪರಿಚಯ.

ಭೀಮಶ್ಯಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಜೇಬಿನಲ್ಲಿ ಪೆನ್ನು ಸಿಗಿಸಿಕೊಂಡು ಕುಳಿತಿದ್ದ. ಐವತ್ತರ ಆಸುಪಾಸು. ಅವನ ಬೆನ್ನ ಹಿಂದೆ ನೀಲಿ ದ್ರಾವಣದ ದೊಡ್ಡ ಸೀಸೆ, ಸ್ಪಿರಿಟ್ ದೀಪ, ಗಾಜಿನ ನಳಿಕೆಗಳು. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ, ಸಕ್ಕರೆ ಇಲ್ಲದಿದ್ದರೆ ನೀಲಿಯೇ ಉಳಿಯುತ್ತದೆ. ಇದ್ದಷ್ಟಕ್ಕೆ ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು. ಚಂದ್ರಾಮಪ್ಪನ ಪುಟದಲ್ಲಿ ದಿನಕ್ಕೊಂದು ಬಣ್ಣ ಮುತ್ತಿನಂಥ ಅಕ್ಷರದಲ್ಲಿತ್ತು. ಆಗಸ್ಟ್ ೫ರವರೆಗೆ ತಿಂಗಳುಗಟ್ಟಲೆ ಹಸಿರು. ಆರರಂದು ಹಳದಿ. ಒಂಬತ್ತರಿಂದ ಕೆಂಪು, ಗುಳಿಗೆ ಒಂದಿದ್ದದ್ದು ಎರಡು. ಹದಿನಾರಕ್ಕೆ ಮೂರು. ಇಪ್ಪತ್ತರವರೆಗೂ ಕೆಂಪು, ಕೆಂಪು, ಕೆಂಪು.

“ದಿನಾ ನೀನೇ ಪರೀಕ್ಷಾ ಮಾಡಿದೇನು?”

“ನಾನೇ ರಿ. ಬ್ಯಾರೆ ಯಾರಿಗಿ ಬರ್ತದ?”

“ಬಣ್ಣಾ ಕಣ್ಣಾರೆ ನೋಡಿ ಬರದಿ?”

“ಕಣ್ಣಾರೆ.”

“ಒಂದು ದಿನಾನೂ ತಪ್ಪಿಲ್ಲ?”

“ಹನ್ನೊಂದು ವರ್ಷದಾಗ ಒಂದು ದಿನಾ ತಪ್ಪಿಲ್ರಿ.” ಹೇಳುವಾಗ ಅವನ ದನಿಯಲ್ಲಿ ಹೆಮ್ಮೆ ಇತ್ತು.

“ಹಾಗಲ ಕೊಡಂತ ಹೇಳಿದ್ದು?”

“ಸಾವಕಾರ್ರೇ ಕೇಳಿದ್ರು. ಕೊಟ್ರ ಕೊಡ್ರಿ ಅಂದೆ. ಬೆಲ್ಲ ಬ್ಯಾಡ ಅಂತ ನಾ ಯಾರಿಗೂ ಅಂದಿಲ್ಲ. ಆ ಸೊಸಿ ತನ್ನ ಜೀವಾ ಉಳಿಸ್ಕೋಳಾಕ ಏನರ ಅಂತಾಳ.”

ಬೆಲ್ಲದ ಮಾತನ್ನು ಮಡಿವಾಳಯ್ಯ ಎತ್ತಿಯೇ ಇರಲಿಲ್ಲ. ಅವನು ಮುಖ ಬದಲಿಸದೆ ಎಲ್ಲವನ್ನೂ ಬರೆಸಿ, ಮೂರು ಸಲ ಓದಿಸಿ, ಪ್ರತಿ ಪುಟಕ್ಕೂ ರುಜು ಹಾಕಿಸಿಕೊಂಡು, ರಿಜಿಸ್ಟರ್ ಮತ್ತು ಡೈರಿ ಜಪ್ತಿ ಮಾಡಿದ. ಡೈರಿಯಲ್ಲಿ ವಾಡಿಯ ಮುದುಕನ ಪುಟ ಇತ್ತು. ಆದರೆ ಅದು ಸಾಲದು ಎಂದು ಅವನಿಗೆ ಗೊತ್ತಿತ್ತು. ಮೂತ್ರದಲ್ಲಿ ಸಕ್ಕರೆ ನಿಜವಾಗಿ ಏರಿದ್ದರೆ ಗುಳಿಗೆ ಏರಿಸಿದ್ದು ತಪ್ಪಲ್ಲ. ಏರಿರಲಿಲ್ಲ ಎನ್ನಲು ಆ ಮೂತ್ರ ಎಲ್ಲಿದೆ? ಸತ್ತವನ ಜೊತೆ ಮಣ್ಣಾಗಿದೆ. ಮಿಕ್ಕದ್ದು ಸೂಗಮ್ಮನ ಮಾತು ಒಂದೇ, ಅವಳೋ ಆರೋಪಿ.

ಶುಕ್ರವಾರ ಮಧ್ಯಾಹ್ನದ ತನಕ ಏನೂ ಆಗಲಿಲ್ಲ. ಡಿವೈಎಸ್ಪಿಯವರ ಇನ್ನೊಂದು ಫೋನು ಮಾತ್ರ ಬಂತು. ಅಮೃತಪ್ಪ ಠಾಣೆಯ ಎದುರಿನ ಹೋಟೆಲಿನಲ್ಲಿ ಕುಳಿತು, ಮಹಿಳಾ ಕಾನ್‌ಸ್ಟೆಬಲ್ ಬರುವಳೋ ಇಲ್ಲವೋ ಎಂದು ಬಾಗಿಲು ಕಾಯುತ್ತ ಭಜಿ ತಿನ್ನುತ್ತಿದ್ದ. ಇನ್ನು ಉಳಿದದ್ದು ಒಂದೇ ಕೊಂಡಿ. ಬೆಳಿಗ್ಗೆ ಬೆಳಿಗ್ಗೆ ಸಾವಕಾರನ ಮೂತ್ರದ ಸೀಸೆಯನ್ನು ದವಾಖಾನೆಗೆ ಹೊತ್ತವರು ಯಾರು? ಕಾರ್ಖಾನೆಯ ಕೂಲಿ ಪೀರಪ್ಪ. ಮೂರೂವರೆಗೆ ಅವನನ್ನು ಕರೆಸಿದ.

ಪೀರಪ್ಪನಿಗೆ ಐವತ್ತೈದು ದಾಟಿತ್ತು, ಮೈತುಂಬ ಕಲ್ಲಿನ ಬಿಳಿ ಧೂಳು. ಒಳಗೆ ಬಂದವನೇ ನೆಲಕ್ಕೆ ಬಿದ್ದು ಮಡಿವಾಳಯ್ಯನ ಬೂಟು ಹಿಡಿದ.

“ನಾನೇ ಕೊಂದೆನ್ರಿ! ಸಾವಕಾರ್ರನ್ನ ನಾನೇ ಕೊಂದೆ! ಆ ತಾಯೀನ್ನ ಬಿಡ್ರಿ!”

ಅಬ್ದುಲ್ ಗನಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟ.

“ಏಳು. ಹ್ಯಾಂಗ ಕೊಂದಿ?”

“ನೀರಿಲೆ ರಿ.”

“ನೀರಿಲೆ?”

ತೊದಲಿ ತೊದಲಿ ಹೇಳಿದ. ಸಾವಕಾರರ ಉಚ್ಚೆ ಹೊತ್ತು ಬಜಾರಿನಲ್ಲಿ ನಡೆಯುವುದು ಅವನಿಗೆ ಹೊಲಸೆನಿಸುತ್ತಿತ್ತು. ಟವೆಲ್ಲಿನಲ್ಲಿ ಸುತ್ತಿಕೊಂಡೇ ಹೋಗುತ್ತಿದ್ದ. ಹನ್ನೆರಡನೇ ತಾರೀಖು, ರವಿವಾರ, ರೈಲ್ವೆ ಗೇಟು ದಾಟುವಾಗ ಸಿಮೆಂಟಿನ ಗೂಡ್ಸ್ ಬಂತೆಂದು ಓಡಿದ, ಸೀಸೆ ಉರುಳಿ ಎಲ್ಲ ಚೆಲ್ಲಿತು. ಹೇಳಿದರೆ ಒದೆ. ಸ್ಟೇಷನ್ನಿನ ನಳದಲ್ಲಿ ನೀರು ತುಂಬಿ ಒಯ್ದ. ಭೀಮಶ್ಯಾ ಇಸಿದುಕೊಂಡ, ಏನೂ ಅನ್ನಲಿಲ್ಲ. ಮರುದಿನ ಪೀರಪ್ಪ ದಾರಿಯಲ್ಲೇ ಗಟಾರಕ್ಕೆ ಸುರಿದು, ಸೀಸೆ ತೊಳೆದು, ಮತ್ತೆ ನಳದ ನೀರನ್ನೇ ಒಯ್ದ. ಆಗಲೂ ಯಾರೂ ಏನೂ ಅನ್ನಲಿಲ್ಲ. ಅಂದಿನಿಂದ ಸಾಯುವ ದಿನದ ತನಕ ಅದೇ.

“ಒಂಬತ್ತು ದಿನ ರಿ. ಒಂದು ದಿನಾನೂ ಖರೆ ಉಚ್ಚಿ ಒಯ್ದಿಲ್ಲ. ಅದಕ್ಕ ಡಾಕ್ಟರ್ರಿಗಿ ಜಡ್ಡು ತಿಳೀಲಿಲ್ಲ. ನಾನೇ ಕೊಂದೆ.”

ಮಡಿವಾಳಯ್ಯ ಜಪ್ತಿ ರಿಜಿಸ್ಟರನ್ನು ಎಳೆದು ಆ ಪುಟ ತೆಗೆದ. ಹನ್ನೆರಡು, ಕೆಂಪು. ಹದಿಮೂರು, ಕೆಂಪು. ಬೆರಳಿಟ್ಟು ಇಪ್ಪತ್ತರ ತನಕ ಇಳಿದ. ಆಮೇಲೆ ಬಹಳ ದಿನದ ಮೇಲೆ ಮನಸಾರೆ ನಕ್ಕ. ಇಡೀ ಪ್ರಕರಣದಲ್ಲಿ ಸತ್ಯವಂತ ಒಬ್ಬನೇ ಸಿಕ್ಕಿದ್ದ, ಅವನೂ ಮೋಸಗಾರ.

“ಗನಿ, ಇವನಿಗಿ ಚಹಾ ತರಸು,” ಎಂದ.

ಆಗಸ್ಟ್ ೨೫, ಶನಿವಾರ, ಬೆಳಿಗ್ಗೆ ಹತ್ತೂವರೆ. ಇಬ್ಬರು ಪಂಚರು, ಅಬ್ದುಲ್ ಗನಿ, ಡಾಕ್ಟರ್ ತಾಜುನ್ನಿಸಾ. ಮಡಿವಾಳಯ್ಯ ದವಾಖಾನೆಯ ಮೇಜಿನ ಮೇಲೆ ಒಂದು ಸೀಸೆ ಇಟ್ಟ.

“ಇದು ಪೀರಪ್ಪ ತಂದ ಸೀಸಾ. ಕುದಸು.”

ಭೀಮಶ್ಯಾನ ಮುಖ ಬಿಗಿಯಿತು. ಆದರೂ ಕೈ ಹನ್ನೊಂದು ವರ್ಷದ ರೂಢಿಯಲ್ಲಿ ತಾನಾಗಿ ನಡೆಯಿತು. ನೀಲಿ ದ್ರಾವಣ, ಎಂಟು ಹನಿ, ದೀಪ. ನಳಿಕೆ ಕುದಿಯಿತು. ಎಲ್ಲರೂ ಬಗ್ಗಿ ನೋಡಿದರು.

“ಬಣ್ಣ?”

“ನೀಲಿ ರಿ.”

“ಅಂದ್ರ?”

“ಸಕ್ರಿ ಇಲ್ರಿ.”

“ಉಚ್ಚೀನೂ ಇಲ್ಲ. ಟೇಸನ್ ನಳದ ನೀರು. ಹನ್ನೆರಡನೇ ತಾರೀಖಿನಿಂದ ನಿನಗ ಇದೇ ಬಂದದ. ನೀ ಕಣ್ಣಾರೆ ನೋಡಿ ಕೆಂಪು ಅಂತ ಬರದಿ.”

ಭೀಮಶ್ಯಾ ನಳಿಕೆಯನ್ನು ಜೋಪಾನವಾಗಿ ಕೆಳಗಿಟ್ಟ. ನಂತರ ಮೆಲ್ಲಗೆ, “ಬ್ಯಾಸರ ಆಗಿತ್ರಿ. ಕುದಸಲಿಲ್ಲ, ಸುಮ್ಮ ಬರದೆ. ಮೈಗಳ್ಳತನ. ಅದಕ್ಕ ಏನು ಶಿಕ್ಷಾ ಅದ ಕೊಡ್ರಿ,” ಎಂದ.

ಬುದ್ಧಿವಂತ. ದೊಡ್ಡ ಗುನ್ನೆಯಿಂದ ಸಣ್ಣ ಗುನ್ನೆಯ ಹಿಂದೆ ಅಡಗಿಕೊಳ್ಳುವ ಬುದ್ಧಿ. ಮಡಿವಾಳಯ್ಯನಿಗೆ ಇವನ ಮೇಲೆ ಅಲ್ಲಿಯತನಕ ಇದ್ದ ಇಷ್ಟು ಕನಿಕರವೂ ಹೋಯಿತು.

“ಮೈಗಳ್ಳ ನಿನ್ನೆ ಬರದದ್ದೇ ಇವತ್ತೂ ಬರೀತಾನ. ತಿಂಗಳುಗಟ್ಟಲೆ ಹಸಿರಿತ್ತು, ಹಸಿರೇ ಬರೀತಿದ್ದಿ. ನೀ ಹಳದಿ ಬರದಿ, ಆಮ್ಯಾಲ ಕೆಂಪು, ಆಮ್ಯಾಲ ಗುಳಗಿ ಏರಿಸಿದಿ. ಮೈಗಳ್ಳ ಇಷ್ಟು ಕಷ್ಟಾ ಪಡಲ್ಲ. ಹಾಗಲ ಹಣ್ಣಾದದ್ದೇ ಆಗಬೇಕಂದಿ. ಬೆಲ್ಲ ಬ್ಯಾಡಂದಿ. ಬೆಲ್ಲ ಕೊಟ್ರ ಮನಷ್ಯಾ ಏಳ್ತಾನಂತ ನಿನ್ನ ಡೈರಿದಾಗ ನೀನೇ ಬರದೀದಿ.”

ಭೀಮಶ್ಯಾ ಡಾಕ್ಟರ್ ತಾಜುನ್ನಿಸಾ ಅವರ ಕಡೆ ನೋಡಿದ. ಅವರು ಮುಖ ತಿರುಗಿಸಿದರು. ಹನ್ನೊಂದೂ ಇಪ್ಪತ್ತಕ್ಕೆ ಅವನನ್ನು ಅರೆಸ್ಟ್ ಮಾಡಲಾಯಿತು. ಅಂಗಿಯ ಜೇಬಿನ ಪೆನ್ನು ಕೂಡ ಪಂಚನಾಮೆಗೆ ಹೋಯಿತು.

ಅವನನ್ನು ಠಾಣೆಗೆ ತಂದಾಗ ಎದುರಿನ ಹೋಟೆಲಿನಿಂದ ಅಮೃತಪ್ಪ ಓಡಿ ಬಂದ. “ಮತ್ತ ಆಕಿ?”

“ಆಕಿ ಮನ್ಯಾಗೇ ಇರ್ತಾಳ. ಭಜಿ ರೊಕ್ಕಾ ಕೊಟ್ಟು ನೀನೂ ಮನಿಗಿ ಹೋಗು,” ಎಂದ ಮಡಿವಾಳಯ್ಯ. “ಸುಳ್ಳು ಫಿರ್ಯಾದಿ ಕೊಟ್ಟಿದ್ದಕ್ಕ ಸೋಮವಾರ ನಿನ್ನನ್ನ ಕರಸ್ತೀನಿ. ಐದೂ ಜನಾನ್ನ ಕರ್ಕೊಂಡು ಬಾ.”

ಸಂಜೆ ಲಾಕಪ್ಪಿನಲ್ಲಿ ಭೀಮಶ್ಯಾ ತಾನಾಗಿಯೇ ಮಾತಾಡಿದ. ಪೊಲೀಸರ ಮುಂದಿನ ಈ ಮಾತಿಗೆ ಕೋರ್ಟಿನಲ್ಲಿ ಕವಡೆ ಕಿಮ್ಮತ್ತಿಲ್ಲ ಎಂದು ಗೊತ್ತಿದ್ದೂ ಮಡಿವಾಳಯ್ಯ ಸ್ಟೂಲು ಎಳೆದುಕೊಂಡು ಕುಳಿತ.

ವೈಶಾಖದಲ್ಲಿ ಭೀಮಶ್ಯಾನ ಮಗಳಿಗೆ ಸೇಡಂ ಕಡೆಯ ಮಾಸ್ತರ ವರ ಗೊತ್ತಾಗಿತ್ತು. ನಿಶ್ಚಯಕ್ಕೆ ಸಾವಕಾರನನ್ನೂ ಕರೆದಿದ್ದ. ಬೀಗರ ಮುಂದೆ ಭೀಮಶ್ಯಾ ‘ನಾ ದವಾಖಾನಿ ನಡಸ್ತೀನಿ’ ಎಂದು ಹೇಳಿಕೊಂಡಿದ್ದ, ಅದು ಸುಳ್ಳೂ ಅಲ್ಲ. ಸಾವಕಾರ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, “ಏನ ನಡಸ್ತಾನ? ಇಂವ ನನ್ನ ಉಚ್ಚಿ ಕುದಸಾಂವ,” ಎಂದ. ಚಪ್ಪರವೆಲ್ಲ ನಕ್ಕಿತು. ಬೀಗರು ಮಾತ್ರ ನಗಲಿಲ್ಲ. ಮೂರನೇ ದಿನ ಸಂಬಂಧ ಬೇಡವೆಂದು ಕಾಗದ ಬಂತು.

“ಹನ್ನೊಂದು ವರ್ಷ ಅಂವನ ಜೀವಾ ನಾ ಕಾಯ್ದೀನ್ರಿ. ನನಗೊಂದು ಹೆಸರಿತ್ತು. ಒಂದು ದಿನಾನೂ ಆ ಹೆಸರಿಲೆ ಕರೀಲಿಲ್ಲ. ಒಬ್ಬರೂ ಕರೀಲಿಲ್ಲ.”

ಮಡಿವಾಳಯ್ಯನಿಗೆ ಗುರುವಾರ ತಾನು ನಕ್ಕದ್ದು ನೆನಪಾಯಿತು. ಆದರೂ ಕೇಳಿದ.

“ಆ ಹೆಣ್ಣಮಗಳು ನಿನಗ ಏನು ಮಾಡಿದ್ಳು? ನೀ ಹೇಳಿದ್ದಕ್ಕ ಅರದು ಕೊಟ್ಟಾಳ. ಬೆಲ್ಲ ಕೊಡ್ಲೇನಂತ ಕೇಳಾಕ ಬಂದಾಳ. ಆಕಿ ಗಲ್ಲಿಗಿ ಹೋಗ್ತಿದ್ಳು.”

“ಏನೂ ಮಾಡಿಲ್ರಿ ಪಾಪ.” ಭೀಮಶ್ಯಾ ನಿಜವಾಗಿಯೂ ಯೋಚಿಸಿದ. ಇಷ್ಟು ದಿನ ಈ ಪ್ರಶ್ನೆ ಅವನ ತಲೆಗೆ ಬಂದೇ ಇರಲಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು. “ಸಾವಕಾರ್ರ ಸೊಸಿ ಅಂತ ಅಷ್ಟೇ ಗೊತ್ತು. ಆಕಿ ಹೆಸರೇನ್ರಿ?”

ಮಡಿವಾಳಯ್ಯ ಎದ್ದು ಹೊರಗೆ ಬಂದು ಚಿಲಕ ಹಾಕಿದ.

“ಚಾರ್ಜ್‌ಶೀಟಿನಾಗ ಇರ್ತದ,” ಎಂದ. “ಓದ್ಕೋ.”